ಒಂದಿಂಚು ಸಡಿಲ ಬಿಟ್ಟ ಬಂದೂಕು

ಆಯುಧವನ್ನು ಕೈಗೆತ್ತಿಕೊಂಡ ದಿನವೇ ಮನುಷ್ಯನು ಪ್ರಕೃತಿಯ ಮೇಲೆ ಪ್ರಭುತ್ವ ಸಾಧಿಸಿದನೆಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರು ಆಯುಧಕ್ಕೆ ಅಳತೆ ಕೊಡಲು ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿರಲಿಕ್ಕಿಲ್ಲ.

ನಾನು ಹೋಗಿದ್ದೆ. ಆಗ ನಾವು ಭೂಗೋಳದ ದಕ್ಷಿಣ ತುದಿಯ ವೆಲಿಂಗ್ಟನ್ನಿನ ಜಾನ್ಸನ್‌ವಿಲ್‌ನಲ್ಲಿದ್ದೆವು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು ಒಬ್ಬ ಸ್ಥಳೀಯ ಮಿತ್ರ. ಸೇತುವೆಗಳ ವಿನ್ಯಾಸ ಅವನ ಉದ್ಯೋಗ, ಜಿಂಕೆ ಬೇಟೆ ಅವನ ಧರ್ಮ. ಆ ಧರ್ಮಕ್ಕೆ ನನ್ನನ್ನು ಮತಾಂತರಗೊಳಿಸಿದವನೂ ಅವನೇ. ಅಲ್ಲಿಯ ಜಿಂಕೆಗಳು ಹಿಂದೊಮ್ಮೆ ಹೊರದೇಶದಿಂದ ತಂದು ಬಿಟ್ಟಂಥವು. ಅವು ಕಾಡನ್ನೇ ಮೇಯ್ದು ಮುಗಿಸುತ್ತವೆಂದು, ಯಾರಾದರೂ ಹೊಡೆದರೆ ಸರ್ಕಾರಕ್ಕೂ ಸಂತೋಷ. ಹೀಗಾಗಿ ಪಾಪಭೀತಿಯ ಅಡ್ಡಿ ನನಗಿರಲಿಲ್ಲ. ಅಡ್ಡಿಯಾಗಿದ್ದದ್ದು ನನ್ನ ಎಡಗೈ.

ನಾನು ಹುಟ್ಟು ಎಡಚ. ಮಿತ್ರನ ಬಂದೂಕು ಎಲ್ಲರ ಬಂದೂಕಿನಂತೆ ಬಲಗೈಯದು. ಗುಂಡು ತುಂಬುವಾಗ ಅದರ ಬಲಬದಿಯ ಬೋಲ್ಟ್, ಎಂದರೆ ಚಿಲಕ, ಎಳೆಯಲು ನಾನು ಕೈಯನ್ನು ಮೇಲಿನಿಂದ ಸುತ್ತಿ ತರುತ್ತಿದ್ದ ಭಂಗಿಯನ್ನು ನೋಡಿಯೇ ಜಿಂಕೆಗಳು ಹೊರಟುಹೋಗುತ್ತಿದ್ದವು. ಕೊನೆಗೆ ಮಿತ್ರನೇ ದಾರಿ ತೋರಿಸಿದ. ಗುಡ್ಡ ದಾಟಿದರೆ ಆಚೆಯ ಸಣ್ಣ ಊರಿನಲ್ಲಿ ಒಬ್ಬರಿದ್ದಾರೆ, ಆಳಿನ ಅಳತೆ ತೆಗೆದು ಎಡಗೈಗೆಂದೇ ಬಂದೂಕು ಕಟ್ಟಿಕೊಡುತ್ತಾರೆ ಎಂದ.

ಲೈಸೆನ್ಸು ಮೊದಲೇ ಸಿಕ್ಕಿತ್ತು. ಅದಕ್ಕಾಗಿ ಮನೆಗೆ ಬಂದ ಅಧಿಕಾರಿ ನನ್ನ ಹೆಂಡತಿಯನ್ನು ಬೇರೆಯಾಗಿ ಕೂರಿಸಿಕೊಂಡು, ಇವರ ಕೈಗೆ ಬಂದೂಕು ಬಂದರೆ ನಿಮಗೆ ಭಯವಿಲ್ಲವೇ ಎಂದು ಗಂಭೀರವಾಗಿ ವಿಚಾರಿಸಿದರಂತೆ. ಬಚ್ಚಲಲ್ಲಿ ಜೇಡ ಕಂಡರೆ ಇವರು ನನ್ನನ್ನೇ ಕೂಗುತ್ತಾರೆ ಎಂದಳಂತೆ ಅವಳು. ಅಧಿಕಾರಿಗೆ ಸಮಾಧಾನವಾಯಿತು.

ಅಲ್ಲಿ ಬೇಸಿಗೆಯಾಗುವ ಡಿಸೆಂಬರಿನಲ್ಲಿ ಅಮ್ಮ ಮೈಸೂರಿನಿಂದ ಬಂದಿದ್ದರು. ಏಪ್ರಿಲ್ ಕೊನೆಯವರೆಗೆ ವೀಸಾ. ಅಮ್ಮನ ತವರು ಹುಣಸೂರಿನ ಕಡೆ. ಅವರು ಚಿಕ್ಕವರಿದ್ದಾಗ, ಬೇಟೆಗೆ ಇನ್ನೂ ಅಡ್ಡಿಯಿಲ್ಲದ ಕಾಲದಲ್ಲಿ, ತಾತ ಜಿಂಕೆ ಹೊಡೆದು ತರುತ್ತಿದ್ದರಂತೆ. ನಮ್ಮ ಬಾಲ್ಯದ ಪ್ರತಿ ಭಾನುವಾರವೂ ಕುರಿ ಸಾರು ಬಡಿಸುತ್ತ ಅಮ್ಮ ಆ ಜಿಂಕೆ ಸಾರನ್ನು ನೆನೆಯುತ್ತಿದ್ದರು. ಎದುರಿಗಿದ್ದ ಕುರಿಗೆ ಅದರಿಂದ ಆಗುತ್ತಿದ್ದ ಅವಮಾನವನ್ನು ನಾವು ಸಾರಿನ ಜೊತೆಗೇ ಕಲಸಿ ತಿನ್ನುತ್ತಿದ್ದೆವು.

"ಈ ಸಲ ನೀನು ಹೋಗೋದ್ರೊಳಗೆ ನಾನೇ ಹೊಡ್ಕೊಂಡು ಬರ್ತೀನಮ್ಮ," ಎಂದು ಮಾತು ಕೊಟ್ಟೆ.

"ಮಸಾಲೆ ನಾನು ನೋಡ್ಕೋತೀನಿ. ಜಿಂಕೆ ನೀನು ನೋಡ್ಕೋ," ಎಂದರು.

ಅಳತೆ ಕೊಡಲು ಹೋದ ದಿನ ಸುಡುಬಿಸಿಲು. ನಾನು ತೋಳಿಲ್ಲದ ಬನಿಯನ್ನಿನ ಮೇಲೊಂದು ತೆಳು ಅಂಗಿ ತೊಟ್ಟಿದ್ದೆ. ಬಂದೂಕು ಮಾಡುವವರದು ಮನೆಯ ಹಿಂದಿನ ಶೆಡ್ಡು. ಒಳಗೆಲ್ಲ ಎಣ್ಣೆಯ, ಆಗತಾನೆ ಕೊರೆದ ವಾಲ್‌ನಟ್ ಮರದ ವಾಸನೆ. ಬಿಳಿ ಗಡ್ಡದ ಆ ಹಿರಿಯರು ಕುತ್ತಿಗೆಗೆ ಟೇಪು ಹಾಕಿಕೊಂಡು ಬಂದದ್ದೇ ತಡ, ಅಮ್ಮನ ಮುಖ ಅರಳಿತು.

"ಇವ್ರು ಟೈಲರ್ರು ಅಂತ ಮೊದಲೇ ಹೇಳಬಾರದೇನೋ!"

ಅವರು ನನ್ನ ಮೊಣಕೈ ಮಡಿಸಿ ಅಳೆದರು, ಕುತ್ತಿಗೆ ಅಳೆದರು, ಕೆನ್ನೆಯ ಮೂಳೆ ಮುಟ್ಟಿ ನೋಡಿದರು. ಅಮ್ಮ ಸ್ಟೂಲಿನ ಮೇಲೆ ಕುಳಿತು ಎಲ್ಲವನ್ನೂ ಪರೀಕ್ಷಿಸಿದರು.

"ಎಡಗೈಗೆ ಅಂತಾನೇ ಮಾಡಿಕೊಡ್ತಾರಾ? ಅನ್ನ ತಿನ್ನುವಾಗ ಈ ಕೈ ಮೇಲೆ ಎಷ್ಟು ಹೊಡೆದಿದ್ದೀನಿ ನಾನು. ಅವರಿಗೆ ಹೇಳು."

ಹೇಳಿದೆ. ಅವರು ಅಮ್ಮನಿಗೆ ತಲೆಬಾಗಿ ನಮಸ್ಕರಿಸಿದರು.

ಹೆಗಲಿಗೆ ಒತ್ತಿಕೊಳ್ಳುವ ಮರದ ಹಿಡಿ ಎಷ್ಟುದ್ದ ಇರಬೇಕೆಂದು ಅವರು ಗುರುತು ಹಾಕುವ ಹೊತ್ತಿಗೆ ಅಮ್ಮ ಎದ್ದು ನಿಂತರು.

"ಒಂದಿಂಚು ಸಡಿಲ ಬಿಡೋಕೆ ಹೇಳೋ."

"ಅಮ್ಮಾ, ಇದು ಪ್ಯಾಂಟಲ್ಲ."

"ಗೊತ್ತು ಕಣೋ. ಚಳಿಗೆ ಮೇಲೆ ಸ್ವೆಟರ್ ಹಾಕ್ಕೋತೀಯ ತಾನೆ? ಬಿಗಿಯಾದ್ರೆ ಏನ್ ಮಾಡ್ತೀಯ?"

ನಮ್ಮ ಮನೆಯಲ್ಲಿ ಯಾರ ಬಟ್ಟೆಯೂ ಅವರವರ ಅಳತೆಗೆ ಹೊಲಿದದ್ದಲ್ಲ. ಹೊಲಿಸಿದ ಹೊಸತರಲ್ಲಿ ದೊಡ್ಡದು, ಹರಿಯುವ ಹೊತ್ತಿಗೆ ಸರಿಯಾದದ್ದು. ನನ್ನ ಮದುವೆಯ ಕೋಟಿಗೂ ಅಮ್ಮ ಬೆಳವಣಿಗೆಗೆ ಜಾಗ ಬಿಡಿಸಿದ್ದರು. ನಾನೂ ತಡವಾಗಿ, ಹೊಟ್ಟೆಯ ಕಡೆಯಿಂದ, ಆ ಜಾಗ ತುಂಬಿದೆ.

ಹಿರಿಯರು ವಿಷಯ ಕೇಳಿ ಗಡ್ಡ ನೀವಿಕೊಂಡರು. ದಪ್ಪ ಜಾಕೆಟ್ಟು ಹಾಕುವವರಿಗೆ ಸಾಮಾನ್ಯವಾಗಿ ಹಿಡಿಯನ್ನು ಗಿಡ್ಡ ಮಾಡುತ್ತೇವೆ, ಉದ್ದವಲ್ಲ, ಬಟ್ಟೆಯ ದಪ್ಪವೇ ಉದ್ದಕ್ಕೆ ಸೇರುತ್ತದಲ್ಲ ಎಂದರು. ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ತಿಳಿಸಿದೆ.

"ಉದ್ದ ಇದ್ರೆ ಆಮೇಲೆ ಕತ್ತರಿಸಬಹುದು. ಗಿಡ್ಡ ಆದ್ರೆ ಎಲ್ಲಿಂದ ತಂದು ಸೇರಿಸ್ತಾರಂತೆ?"

ಇದನ್ನು ಇಂಗ್ಲಿಷಿನಲ್ಲಿ ಕೇಳಿದ ಹಿರಿಯರು, ನಿಮ್ಮ ತಾಯಿ ಹೇಳುವುದರಲ್ಲಿ ತಪ್ಪು ಹುಡುಕುವುದು ಕಷ್ಟ ಎಂದು ನನ್ನ ಮುಖ ನೋಡಿದರು. ನಾನೋ ನಲವತ್ತು ದಾಟಿದ ಇಂಜಿನಿಯರು, ಎರಡು ಮಕ್ಕಳ ತಂದೆ. "ಅಮ್ಮ ಹೇಳಿದ ಹಾಗೇ ಆಗಲಿ," ಎಂದೆ.

ಮಾರ್ಚಿನಲ್ಲಿ ಬಂದೂಕು ಬಂತು. ಅಷ್ಟು ಚೆಂದದ ವಸ್ತು ನನ್ನ ಎಡಗೈಗೆ ಅದುವರೆಗೆ ಬಂದಿರಲಿಲ್ಲ. ಆಯುಧಪೂಜೆಗೆ ಇನ್ನೂ ಅರ್ಧ ವರ್ಷ ಇದ್ದರೂ ಅಮ್ಮ ಕಾಯಲಿಲ್ಲ. ಅರಿಶಿನ, ಕುಂಕುಮ, ಹಿತ್ತಲಿನ ಡೇಲಿಯಾ ಹೂವು, ಕೊನೆಗೆ ಮಂಗಳಾರತಿ. ಮಗಳು ಬಾಗಿಲಲ್ಲಿ ನಿಂತು, "ಇಸ್ ಅಜ್ಜಿ ಬ್ಲೆಸಿಂಗ್ ದ ಗನ್?" ಎಂದು ಕೇಳಿದಳು. ಹೌದು ಎಂದೆ.

ಏಪ್ರಿಲ್ ಮೊದಲಲ್ಲಿ, ಗಂಡು ಜಿಂಕೆಗಳು ಹೆಣ್ಣಿಗಾಗಿ ಗುಟುರು ಹಾಕುವ ಕಾಲಕ್ಕೆ, ಮಿತ್ರನ ಪಿಕಪ್ ಗಾಡಿ ಹತ್ತಿ ಬೆಟ್ಟಕ್ಕೆ ಹೋದೆ. ಅಮ್ಮ ಅಷ್ಟರಲ್ಲೇ ಕೊತ್ತಂಬರಿ, ಮೆಣಸು, ಚಕ್ಕೆ ಹುರಿದಿಟ್ಟಿದ್ದರು. ಬೆಳಿಗ್ಗೆ ಮೈಕೊರೆಯುವ ಚಳಿ. ಸ್ವೆಟರು, ಅದರ ಮೇಲೆ ಜಾಕೆಟ್ಟು, ಎರಡನ್ನೂ ಅಮ್ಮನ ಅಪ್ಪಣೆಯಂತೆ ತೊಟ್ಟಿದ್ದೆ. ಮಂಜು ಸರಿದಾಗ ಇಳಿಜಾರಿನಲ್ಲಿ ಅದು ನಿಂತಿತ್ತು. ತುಂಬಿದ ಕೊಂಬಿನ ಗಂಡು, ಪಕ್ಕೆ ನಮ್ಮ ಕಡೆ ತಿರುಗಿಸಿ, ಫೋಟೋಕ್ಕೆ ನಿಂತ ಮದುಮಗನ ಹಾಗೆ.

"ಈಗ," ಎಂದು ಪಿಸುಗುಟ್ಟಿದ ಮಿತ್ರ.

ಬಂದೂಕು ಎತ್ತಿದೆ. ಹಿಡಿಯ ತುದಿ ಕಂಕುಳಲ್ಲಿ ಜಾಕೆಟ್ಟಿಗೆ ಸಿಕ್ಕಿಕೊಂಡಿತು. ಎಳೆದೆ, ಸ್ವೆಟರಿಗೆ ಸಿಕ್ಕಿತು. ಒಂದೇ ಒಂದು ಇಂಚು. ಅದನ್ನು ಬಿಡಿಸಿಕೊಂಡು ಹೆಗಲಿಗೇರಿಸಿ ಕಣ್ಣಿಟ್ಟಾಗ ಇಳಿಜಾರಿನಲ್ಲಿ ಬರೀ ಹುಲ್ಲಿತ್ತು. ಮಿತ್ರ ಮುಖ ತಿರುಗಿಸಿ ಕೂತ. ಅವನ ಭುಜ ಕುಲುಕುತ್ತಿತ್ತು, ಅಳುತ್ತಿರಲಿಲ್ಲ.

ಮನೆಗೆ ಬಂದು ಇದ್ದದ್ದನ್ನು ಹೇಳಿದೆ. ಅಮ್ಮ ಹುರಿದಿಟ್ಟ ಮಸಾಲೆಯ ಡಬ್ಬಿಯನ್ನು ಒಮ್ಮೆ ನೋಡಿದರು.

"ನೀನು ಇನ್ನೂ ಸ್ವಲ್ಪ ಮೈ ತುಂಬ್ಕೋಬೇಕು ಕಣೋ," ಎಂದರು.

ಮಿತ್ರ ತನ್ನ ಫ್ರೀಜರಿನಿಂದ ಒಂದು ಜಿಂಕೆ ತೊಡೆ ತಂದುಕೊಟ್ಟ. ಸಾರಾಯಿತು. ಅಡುಗೆಮನೆಯ ಕಿಟಕಿಯೆಲ್ಲ ಆವಿ ಹಿಡಿಯಿತು. ಅಮ್ಮ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದವರು ಎಷ್ಟೋ ಹೊತ್ತು ತೆರೆಯಲಿಲ್ಲ. ಹುಣಸೂರಿಗೆ ಹೋಗಿಬಂದರೆಂದು ಕಾಣುತ್ತದೆ. ಆಮೇಲೆ, "ಅದೇ ರುಚಿ," ಎಂದರು. ಇನ್ನೆರಡು ತುತ್ತಿನ ನಂತರ, "ಆದ್ರೆ ಇದು ಅವನು ಹೊಡೆದಿದ್ದು. ನಿನ್ನದನ್ನ ಮುಂದಿನ ಸಲ ಬಂದಾಗ ತಿಂತೀನಿ," ಎಂದರು.

ಮುಂದಿನ ಸಲ ಅಮ್ಮನಿಗೆ ಬರಲಾಗಲಿಲ್ಲ. ಅವರು ತೀರಿಹೋದ ಮೇಲೆ ಒಮ್ಮೆ ಬೋಲ್ಟಿಗೆ ಎಣ್ಣೆ ಹಾಕಿಸಲು ಬಂದೂಕನ್ನು ಗುಡ್ಡದಾಚೆಗೆ ಒಯ್ದಿದ್ದೆ. ಹಿರಿಯರು ಅದನ್ನು ತಿರುಗಿಸಿ ನೋಡಿ, ಹಿಡಿಯ ಸಂದಿಯಲ್ಲಿ ಕೂತಿದ್ದ ಕುಂಕುಮವನ್ನು ತುಕ್ಕೆಂದು ತಿಳಿದು ಉಗುರಿನಿಂದ ಕೆರೆದರು. ಆಮೇಲೆ ಗರಗಸ ಕೈಗೆತ್ತಿಕೊಂಡು, ತಾಯಿಯವರು ಹೇಳಿದ್ದರಲ್ಲ, ಉದ್ದವಿದ್ದರೆ ಕತ್ತರಿಸಬಹುದೆಂದು, ಐದು ನಿಮಿಷದ ಕೆಲಸ ಎಂದರು.

ಇರಲಿ ಬಿಡಿ ಎಂದೆ. ಹಿಡಿ ಇವತ್ತಿಗೂ ಒಂದಿಂಚು ಉದ್ದವೇ ಇದೆ. ನಾನು ಇದುವರೆಗೆ ಒಂದೂ ಜಿಂಕೆ ಹೊಡೆದಿಲ್ಲ.