ತಟ್ಟೆಯಿಲ್ಲದೆ ಬಿಡಿಸಿದ ಜಾಯಿಂಟ್ ವೀಲ್

ಒಂದು ಕಡೆ ನೆಟ್ಟಗೆ ಕೂತು ಅಭ್ಯಾಸವಿಲ್ಲ ನನಗೆ. ಹಾಲು ಕಾಯುವಷ್ಟರಲ್ಲಿ ಬಾಲ್ಕನಿಗೆ ಮೂರು ಸಲ ಹೋಗಿ ಬಂದಿರುತ್ತೇನೆ, ಹಾಲು ಉಕ್ಕಿರುತ್ತದೆ, ಬೈಗುಳ ಮಾತ್ರ ಮನೆಯಲ್ಲಿದ್ದವರಿಗೆ. ಬಂಗಾಲದ ಡಮ್ ಡಮ್‌ನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗಂತೂ ಈ ಚಡಪಡಿಕೆ ವಿಪರೀತಕ್ಕೆ ಹೋಗಿತ್ತು. ತಲೆಯ ಮೇಲೆ ವಿಮಾನ, ಕಿಟಕಿಯಾಚೆ ಲೋಕಲ್ ಟ್ರೈನು, ಟೆರೇಸು ಹತ್ತಿದರೆ ನ್ಯೂ ಟೌನ್ ದಿಕ್ಕಿನಲ್ಲಿ ದಿನಕ್ಕೊಂದು ಹೊಸ ಕ್ರೇನು. ಊರಿಗೆ ಊರೇ ಎಲ್ಲಿಗೋ ಹೊರಟು ನಿಂತಿತ್ತು, ನಾನೊಬ್ಬಳು ಸೌಟು ಹಿಡಿದುಕೊಂಡು ಅಡುಗೆಮನೆಯಲ್ಲಿದ್ದೆ.

ಮನೆ ರೈಲ್ವೆಯದು, ಮನೆಯವರು ರೈಲ್ವೆಯವರು, ವರ್ಗವಾಗುತ್ತದೆ ಎಂಬ ಸುದ್ದಿಯೂ ರೈಲ್ವೆಯದೇ. ನನ್ನದು ಅಂತ ಇದ್ದದ್ದು ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಹಾಸುತ್ತಿದ್ದ ಒಂದು ಚಾಪೆ. ಅದರ ಮೇಲೆ ಏಳು ಮಕ್ಕಳನ್ನು ಕೂರಿಸಿಕೊಂಡು ಡ್ರಾಯಿಂಗ್ ಹೇಳಿಕೊಡುತ್ತಿದ್ದೆ. ಮದುವೆಗೆ ಮುಂಚೆ ಮೈಸೂರಿನ ಶಾಲೆಯೊಂದರಲ್ಲಿ ಎರಡು ವರ್ಷ ಡ್ರಾಯಿಂಗ್ ಮಿಸ್ ಆಗಿದ್ದವಳು ನಾನು. ಭಾನುವಾರದ ಆ ಎರಡು ಗಂಟೆ ಮನೆಯಲ್ಲಿ ಯಾರೂ ನನ್ನನ್ನು ಕಾಫಿ ಕೇಳುವಂತಿರಲಿಲ್ಲ.

ಆ ವರ್ಷ ಎಲ್ಲರ ತಲೆಗೂ ಕಂಪ್ಯೂಟರ್ ಹತ್ತಿತ್ತು. ಸ್ಟೇಷನ್ ರಸ್ತೆಯಲ್ಲಿ ಮಕ್ಕಳ ಕಂಪ್ಯೂಟರ್ ಕ್ಲಾಸೊಂದು ಶುರುವಾಯಿತು, ಅದೂ ನನ್ನ ಹೊಟ್ಟೆ ಉರಿಸೋಕೆ ಅಂತಲೇ ಭಾನುವಾರ ಬೆಳಿಗ್ಗೆ. ಮೊದಲು ಇಬ್ಬರು ಹುಡುಗರು ಅತ್ತ ಹೋದರು. ಆಮೇಲೆ ಕೆಳಗಿನ ಮನೆಯ ಬಂಗಾಲಿ ಹೆಂಗಸು ಸಂದೇಶ್ ಅನ್ನುವ ಸಿಹಿ ತುಂಬಿದ ಡಬ್ಬಿ ಹಿಡಿದು ಬಂದು, "ಡ್ರಾಯಿಂಗ್ ಯಾವಾಗ ಬೇಕಾದರೂ ಕಲಿಯಬಹುದು, ಕಂಪ್ಯೂಟರ್ ಈಗಲೇ ಕಲಿಯಬೇಕು ನೋಡಿ," ಅಂತ ಹಿಂದಿಯಲ್ಲಿ ನಯವಾಗಿ ಹೇಳಿ ಮಗಳನ್ನು ಬಿಡಿಸಿಕೊಂಡಳು. ಮೈ ಉರಿಯಿತು. ಆದರೂ ಸಂದೇಶ್ ತಿಂದೆ. ಉಳಿದವರು ನಾಲ್ವರು, ಅದರಲ್ಲಿ ಒಬ್ಬಳು ನನ್ನ ಮಗಳೇ.

ನಮ್ಮ ಓಣಿಯ ಕ್ಲಬ್ಬಿನವರು ಪ್ರತಿ ಜನವರಿಯಲ್ಲಿ 'ಬೋಶೇ ಆಂಕೋ' ಇಡುತ್ತಿದ್ದರು. ಮೈದಾನದಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ, ಕಾಗದ ಕೊಟ್ಟು, ಅಲ್ಲೇ ಚಿತ್ರ ಬರೆಸುವ ಸ್ಪರ್ಧೆ. ಆ ಊರಲ್ಲಿ ಅದಕ್ಕಿರುವ ಮರ್ಯಾದೆ ಸಾಮಾನ್ಯದ್ದಲ್ಲ. ಮಗು ಗೆದ್ದರೆ ಹೇಳಿಕೊಟ್ಟವರು ಯಾರು ಅಂತ ಇಡೀ ಓಣಿ ವಿಚಾರಿಸುತ್ತದೆ. ಒಂದೇ ಒಂದು ಬಹುಮಾನ ಬಂದರೆ ನನ್ನ ಚಾಪೆ ಉಳಿಯುತ್ತದೆ, ಇಲ್ಲದಿದ್ದರೆ ಸುತ್ತಿ ಮೂಲೆಗಿಡಬೇಕು ಅಂತ ನನಗೆ ಖಾತ್ರಿಯಾಗಿತ್ತು. ವಿಷಯ ಮೊದಲೇ ತಿಳಿಸಿದ್ದರು: ಚಳಿಗಾಲದ ಮೇಳ. ನಾನು ಹಿಂದೆಮುಂದೆ ನೋಡದೆ ಜಾಯಿಂಟ್ ವೀಲ್ ಆರಿಸಿದೆ.

ಊಟದ ತಟ್ಟೆ ಕವುಚಿ ಹಾಕಿ ಹೊರಗಿನ ಸುತ್ತು, ಡಬ್ಬಿ ಮುಚ್ಚಳ ಇಟ್ಟು ಒಳಗಿನ ಸುತ್ತು. ದೋಸೆ ಪಾಲು ಮಾಡುವ ಹಾಗೆ ಮೊದಲು ಅರ್ಧ, ಆಮೇಲೆ ಕಾಲು, ಆಮೇಲೆ ಎಂಟು ಪಾಲು. ಒಂದೊಂದು ಗೆರೆಯ ತುದಿಗೂ ಒಂದೊಂದು ತೊಟ್ಟಿಲು. ಕಷ್ಟ ಇರುವುದು ಈ ತೊಟ್ಟಿಲಲ್ಲೇ. ಗೆರೆ ಯಾವ ದಿಕ್ಕಿಗೆ ಹೋಯಿತೋ ಅದೇ ದಿಕ್ಕಿಗೆ ಮಕ್ಕಳು ತೊಟ್ಟಿಲನ್ನೂ ಬರೆದುಬಿಡುತ್ತಾರೆ. ಮೇಲಿನವರು ಸರಿಯಾಗಿ ಕೂತಿರುತ್ತಾರೆ, ಪಕ್ಕದವರು ಮಲಗಿರುತ್ತಾರೆ, ಕೆಳಗಿನವರ ತಲೆ ನೆಲಕ್ಕೆ. ಚಕ್ರ ತಿರುಗಿದರೂ ತೊಟ್ಟಿಲು ನೆಟ್ಟಗೆ ನೇತಾಡುತ್ತದೆ ಅಂತ ತೋರಿಸೋಣವೆಂದು ಹಿಡಿಯಿರುವ ಹಾಲಿನ ಕ್ಯಾನನ್ನು ಬೆರಳಿಗೆ ಸಿಕ್ಕಿಸಿ ತೋಳನ್ನು ಸುತ್ತಲೂ ತಿರುಗಿಸಿದೆ. ಅದರೊಳಗೆ ಮಜ್ಜಿಗೆ ಇದ್ದದ್ದು ಯಾರಿಗೆ ನೆನಪು! ಅರ್ಧ ಮಜ್ಜಿಗೆ ಚಾಪೆಗೆ, ಇನ್ನರ್ಧ ನನ್ನ ಸೀರೆಗೆ. ಮಕ್ಕಳು ಬಿದ್ದು ಬಿದ್ದು ನಕ್ಕವು, ಆದರೆ ಮೂವರಿಗೆ ವಿಷಯ ಅರ್ಥವಾಯಿತು.

ಅರ್ಥವಾಗದೇ ಇದ್ದದ್ದು ನನ್ನ ಮಗಳಿಗೆ. ಎಂಟು ವರ್ಷ ಅವಳಿಗೆ. ನಾನು ಆಡುವ ಕನ್ನಡವೆಲ್ಲ ತಿಳಿಯುತ್ತಿತ್ತು, ಬಾಯಿ ತೆರೆದರೆ ಮಾತ್ರ ಅರ್ಧ ಹಿಂದಿ. ಅವಳ ತೊಟ್ಟಿಲುಗಳು ದಿಕ್ಕಿಗೊಂದು.

"ಬೀಳ್ತಾರೆ ಕಣೇ! ತಲೆಕೆಳಗಾದ್ರೆ ಬೀಳಲ್ವಾ?"

"ಬೀಳಲ್ಲ ಅಮ್ಮ. ಪಕಡ್‌ಕೊಂಡಿದ್ದಾರೆ."

ಹಿಡಿದುಕೊಂಡಿದ್ದಾರಂತೆ! ನನ್ನ ಕೈ ಸುಮ್ಮನಿರುತ್ತಾ? ರಬ್ಬರ್ ಎತ್ತಿ ಉಜ್ಜಿದೆ. ಅವಳ ಕೈಯನ್ನು ನನ್ನ ಕೈಯೊಳಗೆ ಹಿಡಿದು ಎಂಟೂ ತೊಟ್ಟಿಲನ್ನು ನೆಟ್ಟಗೆ ಬರೆಸಿದೆ. ಮುಂದಿನ ವಾರ ಮತ್ತೆ ಅದೇ ವಕ್ರ, ಮತ್ತೆ ಉಜ್ಜಿದೆ. ಬೇರೆ ಮಕ್ಕಳದ್ದನ್ನೂ ಅಳಿಸುತ್ತಿದ್ದೆ, ಆದರೆ ಒಂದು ಮಾತು ಹೇಳಿ ಅಳಿಸುತ್ತಿದ್ದೆ. ಹೆತ್ತ ಮಗಳನ್ನು ಏನು ಕೇಳುವುದು? ಒಂದು ದಿನ ಕಾಗದ ತೂತೇ ಬಿತ್ತು. ಪೇಪರ್ ಓದುತ್ತಿದ್ದ ನನ್ನ ಮನೆಯವರು ತಲೆ ಎತ್ತಿ, "ಅವಳಿಗೆ ಬಂದ ಹಾಗೆ ಬರೀಲಿ ಬಿಡೇ. ಸ್ಪರ್ಧೆಗೆ ಕೂರೋದು ಅವಳೋ ನೀನೋ?" ಅಂದರು.

"ರೀ, ನೀವು ಪೇಪರ್ ಓದಿ," ಅಂದೆ.

ಸ್ಪರ್ಧೆಯ ದಿನ ನಾಲ್ಕು ತಟ್ಟೆ, ನಾಲ್ಕು ಮುಚ್ಚಳ ಚೀಲಕ್ಕೆ ಹಾಕಿ ಹೊರಟೆ. ಮೈದಾನದ ಸುತ್ತ ಹಗ್ಗ ಕಟ್ಟಿದ್ದರು. ಮಕ್ಕಳು ಒಳಗೆ, ನಾವೆಲ್ಲ ಹೊರಗೆ. ಮಫ್ಲರ್ ಸುತ್ತಿಕೊಂಡ ಕ್ಲಬ್ಬಿನ ಹಿರಿಯರೊಬ್ಬರು ಸಾಲಿನಲ್ಲಿ ಬಂದವರು ನನ್ನ ಮಕ್ಕಳ ಮುಂದೆ ನಿಂತು, "ಇದೇನು, ಊಟಕ್ಕೆ ಕೂತಿದ್ದೀರಾ?" ಅಂತ ನಕ್ಕು ತಟ್ಟೆ, ಮುಚ್ಚಳ ಎಲ್ಲ ಎತ್ತಿಕೊಂಡರು. ಬರೀ ಕೈಯಲ್ಲೇ ಬರೆಯಬೇಕಂತೆ, ಪ್ರತಿ ವರ್ಷದ ನಿಯಮವಂತೆ. ಹೆಸರು ಕೊಡಲು ಹೋದಾಗಲೇ ಹೇಳಿದ್ದರಂತೆ. ನಾನು ಕೇಳುವಷ್ಟು ಹೊತ್ತು ಅಲ್ಲಿ ನಿಂತಿದ್ದರೆ ತಾನೇ!

ನಾಲ್ಕೂ ಮಕ್ಕಳು ತಿರುಗಿ ನನ್ನ ಮುಖ ನೋಡಿದವು. ಗಾಳಿಯಲ್ಲಿ ಸುತ್ತು ಬರೆದು ತೋರಿಸಿದೆ, "ಮೊದಲು ನಡುವೆ ಚುಕ್ಕಿ ಇಡ್ರೋ!" ಅಂತ ಕನ್ನಡದಲ್ಲಿ ಕಿರುಚಿದೆ. ಮಫ್ಲರಿನವರು ಬಂದು, "ದಿದಿ, ದಯವಿಟ್ಟು ಆ ಕಡೆ," ಅಂತ ನನ್ನನ್ನು ಗೇಟಿನಾಚೆ ಕಳಿಸಿದರು. ಎರಡು ಗಂಟೆ ನಾನು ಎಲ್ಲಿ ನಿಂತೆ, ಎಲ್ಲಿ ಕೂತೆ! ಸ್ಟೇಷನ್‌ವರೆಗೆ ಹೋದೆ, ಬಂದೆ, ಮಣ್ಣಿನ ಕುಡಿಕೆಯಲ್ಲಿ ಟೀ ಕುಡಿದು ನಾಲಿಗೆ ಸುಟ್ಟುಕೊಂಡೆ, ಮತ್ತೆ ಹೋದೆ.

ಸಂಜೆ ಚಿತ್ರಗಳನ್ನೆಲ್ಲ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟಿದ್ದರು. ಬಹುಮಾನ ಕಡಲೆಕಾಯಿ ಮಾರುವವನನ್ನು ಬರೆದ ಯಾವುದೋ ಹುಡುಗಿಗೆ ಹೋಯಿತು. ನನ್ನ ಶಿಷ್ಯರಲ್ಲಿ ಒಬ್ಬನ ಚಕ್ರ ಮೊಟ್ಟೆಯಂತಿತ್ತು. ಇನ್ನೊಬ್ಬಳು ಐದು ಸುತ್ತು ಶುರು ಮಾಡಿ ಐದನ್ನೂ ಅರ್ಧಕ್ಕೆ ಬಿಟ್ಟಿದ್ದಳು. ಮೂರನೆಯವನು ಜಾಯಿಂಟ್ ವೀಲಿನ ಗೋಜಿಗೇ ಹೋಗದೆ ಎರಡು ಗುಡ್ಡ, ಒಬ್ಬ ಸೂರ್ಯ ಬರೆದು ಕೈತೊಳೆದುಕೊಂಡಿದ್ದ. ನನ್ನ ಚಾಪೆಯ ಕಥೆ ಮುಗಿಯಿತು ಅಂತ ಅಲ್ಲೇ ಗೊತ್ತಾಯಿತು.

ಮಗಳದ್ದು ಹಗ್ಗದ ಕೊನೆಯಲ್ಲಿತ್ತು. ಚಕ್ರ ಡೊಂಕು. ತೊಟ್ಟಿಲುಗಳು ದಿಕ್ಕಿಗೊಂದು, ಮಲಗಿದವರು ಮಲಗಿದ್ದರು, ತಲೆಕೆಳಗಾದವರು ತಲೆಕೆಳಗಾಗಿದ್ದರು. ಆದರೆ ಪ್ರತಿಯೊಬ್ಬರಿಗೂ ಮೊರದಗಲದ ಕೈಗಳು, ಹತ್ತೂ ಬೆರಳಿನಲ್ಲಿ ಕಂಬಿಯನ್ನು ಹಿಡಿದುಕೊಂಡಿದ್ದರು. ಎಲ್ಲರೂ ನಗುತ್ತಿದ್ದರು, ಒಬ್ಬರೂ ಬಿದ್ದಿರಲಿಲ್ಲ. ಕೆಳಗೆ ನೆಲದ ಮೇಲೆ ಸೀರೆಯುಟ್ಟ ಹೆಂಗಸೊಬ್ಬಳು ನಿಂತಿದ್ದಳು. ನನ್ನದೇ ಹಳದಿ ಸೀರೆ, ನನ್ನದೇ ಜಡೆ. ಬಾಯಿ ತೆರೆದಿತ್ತು. ಕೈಗಳೇ ಇರಲಿಲ್ಲ.

"ಇದು ನಾನಾ?"

"ಹೂಂ."

"ಕೈ ಬರೆಯೋದು ಮರೆತುಬಿಟ್ಯಾ?"

"ಮರೆತಿಲ್ಲ," ಅಂದಳು. ಆಮೇಲೆ ಚಪ್ಪಲಿ ನೋಡಿಕೊಂಡು, "ಕೈ ಇದ್ರೆ ನೀನು ಮಿಟಾ ದೇತೀ. ಎಲ್ಲಾ ಅಳಿಸಿಬಿಡ್ತೀಯಾ," ಅಂದಳು.

ಸಿಟ್ಟು ಬಂತು, ಸುಳ್ಳು ಹೇಳಲ್ಲ. ನಾಲ್ಕು ಜನರ ಮುಂದೆ ಹೆತ್ತ ತಾಯಿಯನ್ನು ಮೋಟಳನ್ನಾಗಿ ಮಾಡಿ ನೇತುಹಾಕಿದೆಯಲ್ಲೇ ಅಂತ ಬಾಯಿವರೆಗೆ ಬಂತು. ಅಷ್ಟರಲ್ಲಿ ತೂತು ಬಿದ್ದ ಆ ಕಾಗದ ನೆನಪಾಯಿತು. ಅಳು ಒತ್ತರಿಸಿಕೊಂಡು ಬಂತು. ಮೊದಲು ಬಿಟ್ಟುಹೋದ ಆ ಮೂವರನ್ನು ಕಂಪ್ಯೂಟರೇ ಕರೆದುಕೊಂಡು ಹೋಯಿತೋ, ನನ್ನ ರಬ್ಬರೇ ಓಡಿಸಿತೋ? ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಮುಂದಿನ ಭಾನುವಾರ ಉಳಿದ ಮಕ್ಕಳೂ ಬರಲಿಲ್ಲ. ಅಭ್ಯಾಸಬಲದಿಂದ ಚಾಪೆ ಹಾಸಿದ್ದೆ. ಮತ್ತೆ ಸುತ್ತಿಡಲು ಬಗ್ಗಿದಾಗ ಮಗಳು ಕಾಗದ, ಪೆನ್ಸಿಲ್ ತಂದು ಕೂತಳು. ನಾನೂ ಎದುರಿಗೆ ಕೂತೆ. ಎರಡೂ ಅಂಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡೆ. ಚಕ್ರ ಸೊಟ್ಟಗಾಯಿತು, ತೊಟ್ಟಿಲು ಅಡ್ಡಡ್ಡ ಹೋದವು. ಕೈ ಜೋಮು ಹಿಡಿಯಿತು, ನಾಲಿಗೆ ತುರಿಸಿತು, ಒಲೆಯ ಮೇಲೆ ಹಾಲು ಉಕ್ಕಿದ ವಾಸನೆಯೂ ಬಂತು. ಏಳಲಿಲ್ಲ. ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಕೊನೆಗೆ ಅವಳು ಕೆಳಗೆ ಹಳದಿ ಸೀರೆಯವಳನ್ನು ಬರೆದಳು. ನನ್ನನ್ನೊಮ್ಮೆ ನೋಡಿದಳು, ನನ್ನ ತೊಡೆಯ ಕೆಳಗೂ ಬಗ್ಗಿ ನೋಡಿದಳು. ಆಮೇಲೆ ನಿಧಾನವಾಗಿ ಒಂದು ಕೈ ಬರೆದು, ಐದು ಬೆರಳನ್ನೂ ಇಟ್ಟು ಪೆನ್ಸಿಲ್ ಕೆಳಗಿಟ್ಟಳು.

"ಇನ್ನೊಂದು?" ಅಂದೆ.

"ನೋಡೋಣ," ಅಂದಳು.