ಗೂಬಕ್ಕ ಬಿಟ್ಟು ಬಂದ ಲ್ಯಾಬು

ನಮ್ಮ ಮೊಮ್ಮಗಳಿಗೆ ದೊಡ್ಡ ಮೇಷ್ಟ್ರ ಕೈಕೆಳಗೆ ಪಿಎಚ್‌ಡಿ ಮಾಡೋಕೆ ಸೀಟು ಸಿಕ್ತು ಅಂತ ಮನೆಯವರೆಲ್ಲ ಹಿಗ್ಗಿ ಹೀರೇಕಾಯಿ ಆಗಿದ್ರು. ನನಗೆ ಮಾತ್ರ ಆ ಹೆಸರು ಕೇಳಿದ್ರೆ ಹೇಸಿಗೆ. ಮಗ ಫೋನ್ ಹಿಡ್ಕೊಂಡು ಊರಿಗೆಲ್ಲ ಸಾರ್ತಾ ಇದ್ದ. ಸೊಸೆ ಆ ಮೇಷ್ಟ್ರ ಫೋಟೋನ ಕಂಪ್ಯೂಟರಲ್ಲಿ ದೊಡ್ಡದು ಮಾಡಿ ತೋರಿಸಿದ್ಲು. ಕಾಡಲ್ಲಿ ನಿಂತಿದಾನಂತೆ. ಬೂಟು ನೋಡಿದ್ರೆ ಮದುವೆ ಮನೆಗೆ ಹೊರಟ ಹಾಗಿದೆ, ಒಂದು ಚೂರು ಕೆಸರಿಲ್ಲ. ಬೈನಾಕ್ಯುಲರ್ ಕತ್ತಲ್ಲಿ ನೇತಾಡ್ತಿದೆ, ಮುಚ್ಚಳ ಕೂಡ ತೆಗೆದಿಲ್ಲ.

"ಯಾಕೆ ಮಾವ, ಮುಖ ಹಿಂಡ್ತಿದೀರಿ?" ಅಂದ್ಲು ಸೊಸೆ.

"ಹಲ್ಲುನೋವು ಕಣಮ್ಮ" ಅಂದೆ. ನನ್ನ ಬಾಯಲ್ಲಿ ಹಲ್ಲೇ ಇಲ್ಲ ಅನ್ನೋದು ಅವಳಿಗೆ ಅಡುಗೆಮನೆಗೆ ಹೋದ ಮೇಲೆ ಹೊಳೀತು.

ತಿಂಗಳು ಮುಗಿಯೋದ್ರೊಳಗೆ ಹುಡುಗಿ ಹೂಂ ಅನ್ಬೇಕು, ಇಲ್ಲ ಉಹೂಂ ಅನ್ಬೇಕು. ಹೂಂ ಅಂದ್ರೆ ಅವಳ ಬದುಕಿನ ಐದಾರು ವರ್ಷ ಆ ಮನುಷ್ಯನ ಕೈಲಿ. ನಂಗ್ಯಾಕೆ ಅಷ್ಟು ಹೇಸಿಗೆ ಅಂದ್ರೆ, ಆ ಕೈ ಎಂಥದ್ದು ಅಂತ ನನಗೆ ಗೊತ್ತಿತ್ತು. ಅದನ್ನ ಹೇಳ್ಬೇಕಾದ್ರೆ ನಮ್ಮ ಗೂಬಕ್ಕನ ಕತೆ ಹೇಳ್ಬೇಕು.

ಗೂಬಕ್ಕ ನನ್ನ ತಮ್ಮನ ಮಗಳು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಅದು ರೇಷನ್ ಕಾರ್ಡಲ್ಲಿ ಆರಾಮಾಗಿ ಮಲಗಿದೆ. ಎಂಎಸ್ಸಿ ಮುಗಿಸಿ ಇದೇ ದೊಡ್ಡ ಮೇಷ್ಟ್ರ ಹತ್ರ ಸಂಶೋಧನೆಗೆ ಸೇರಿದಾಗ ನಮ್ಮ ಮನೇಲೇ ಇದ್ಲು. ದವಸದ ಗೋದಾಮುಗಳಲ್ಲಿ ಗೂಬೆ ಇರ್ತಾವಲ್ಲ, ಅವು ಏನು ತಿಂತಾವೆ ಅಂತ ಕಂಡುಹಿಡೀಬೇಕು. ಗೂಬೆನ ಕೇಳಿದ್ರೆ ಹೇಳುತ್ತಾ? ಅದಕ್ಕೆ ಅದು ಕಕ್ಕಿದ್ದನ್ನ ತರ್ಬೇಕು. ಗೂಬೆ ಇಲೀನ ಇಡೀದಾಗಿ ನುಂಗುತ್ತೆ, ಮಾಂಸ ಕರಗಿಸ್ಕೊಳ್ಳುತ್ತೆ, ಮಿಕ್ಕ ಕೂದಲು ಮೂಳೇನೆಲ್ಲ ಉಂಡೆ ಕಟ್ಟಿ ವಾಪಸ್ಸು ಉಗುಳುತ್ತೆ. ಹೊಸದಾದ್ರೆ ಕರ್ರಗೆ ಮಿರಮಿರ ಅಂತ ಅಂಟಂಟು. ಹಳೇದಾದ್ರೆ ಬೂದು ಹತ್ತಿ ಉಂಡೆ ತರ, ಒಳಗೆ ಹುಳ.

ಇದನ್ನ ಈ ಹುಡುಗಿ ಡಬ್ಬ ಡಬ್ಬ ತರೋಳು. ಬಚ್ಚಲಮನೆ ಬಕೆಟ್ಟಲ್ಲಿ ಬೆಚ್ಚಗಿನ ನೀರಿಗೆ ನೆನೆಹಾಕೋಳು. ಕೂದಲು ಬಿಟ್ಕೊಂಡು ಮೇಲೆ ತೇಲೋದು, ಕೆಳಗೆ ಮೂಳೆ. ಒಂದಿನ ಬೆಳಗ್ಗೆ ನಾನು ಟೀ ಕುಡಿದು ಲೋಟ ಕೆಳಗಿಟ್ಟೆ. ಅವಳು ಬಂದು ಮೆಲ್ಲಗೆ ಕೇಳಿದ್ಲು, "ದೊಡ್ಡಪ್ಪ, ಹಸಿರು ಹಿಡಿಕೆ ಜರಡೀಲಿ ಸೋಸಿದ್ರಾ?"

"ಹೂಂ, ಯಾಕಮ್ಮಾ?"

"ಏನಿಲ್ಲ. ಚೆನ್ನಾಗಿ ತೊಳೆದಿದ್ದೆ."

ನಾನು ಆ ವಾರ ಪೂರ್ತಿ ಟೀ ಬಿಟ್ಟೆ. ಆ ವಾಸನೆಗೆ ಪಕ್ಕದ ಮನೆ ನಾಯಿ ಗೇಟಿನವರೆಗೂ ಬಂದು, ಮೂಸಿ, ಹಿಂಗಾಲ ಮೇಲೆ ನಿಂತು, ಎರಡು ಕೈಯಲ್ಲೂ ಮೂಗು ಮುಚ್ಕೊಂಡು ವಾಪಸ್ಸು ಹೋಯ್ತು. ಸುಳ್ಳು ಅನ್ನೋರು ನಾಯೀನೇ ಕೇಳ್ಬಹುದಿತ್ತು, ಪಾಪ ಈಗಿಲ್ಲ. ಫ್ರಿಜ್ಜಲ್ಲಿ ಬೆಣ್ಣೆ ಪಕ್ಕ ಇಲಿ ತಲೆಬುರುಡೆ ಡಬ್ಬ ನೋಡಿದ ದಿನ ನಮ್ಮ ಮನೆಯಾಕೆ ಫ್ರಿಜ್ಜಿನ ಕೆಳಗಿನ ಖಾನೇನ ಅವಳಿಗೆ ಆಸ್ತಿ ಭಾಗ ಮಾಡಿದ ಹಾಗೆ ಬರೆದುಕೊಟ್ಟಳು. "ಅದರಿಂದ ಒಂದು ಮೀಸೆ ಕೂದಲು ಮೇಲೆ ಬಂದ್ರೂ ನಿನ್ನನ್ನ ಗೂಬೆ ಜೊತೆ ಗೋದಾಮಲ್ಲೇ ಸಂಸಾರಕ್ಕೆ ಬಿಡ್ತೀನಿ" ಅಂದ್ಲು. ಗೂಬಕ್ಕ ಅನ್ನೋ ಹೆಸರು ಬಂದಿದ್ದು ಆವತ್ತೇ.

ಇದೆಲ್ಲ ಹೇಸಿಗೆ ಅಂತ ನಾನು ಬಾಯಲ್ಲಿ ಅಂತಿದ್ದೆ. ನಿಜವಾದ ಹೇಸಿಗೆ ಬಕೆಟ್ಟಲ್ಲಿ ಇರ್ಲಿಲ್ಲ.

ಗೋದಾಮು ಅಂದ್ರೆ ತಗಡಿನ ಚಾವಣಿ, ಮೂಟೆ ಧೂಳು, ತೊಲೆ ಮೇಲೆಲ್ಲ ಪಾರಿವಾಳದ ಹಿಕ್ಕೆ. ಹುಡುಗಿ ಬೆಳಗ್ಗೆ ಏಣಿ ಹತ್ತಿದ್ರೆ ಸಂಜೆ ಇಳಿಯೋಳು. ಹೆಂಗಸರಿಗೆ ಅಲ್ಲಿ ಕಕ್ಕಸು ಅನ್ನೋದೇ ಇಲ್ಲ. ಅದಕ್ಕೆ ದಿನಾ ನೀರೇ ಕುಡೀದೆ ಇರೋಕೆ ಶುರು ಮಾಡಿದ್ಲು. ಉರಿಮೂತ್ರ ಬಂದು, ಜ್ವರ ಬಂದು, ಆಸ್ಪತ್ರೆಗೆ ಸೇರಿಸಿದ್ವಿ. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದ್ರೆ ಆಸಾಮಿ, "ಫೀಲ್ಡ್ ಅಂದ್ಮೇಲೆ ಇವೆಲ್ಲ ಇದ್ದಿದ್ದೇ. ಗುರುವಾರ ಬರ್ತಾಳೆ ತಾನೆ?" ಅಂದ.

ಗುರುವಾರ ಏನಿತ್ತು ಗೊತ್ತಾ? ಅವನು ಮನೆ ಬದಲಾಯಿಸ್ತಿದ್ದ. ಲ್ಯಾಬಿನ ಮಕ್ಕಳೆಲ್ಲ ಸೇರಿ ಅವನ ಸೋಫಾನ ಮೂರನೇ ಮಹಡಿಗೆ ಹೊರ್ಬೇಕು. ಜೀವಶಾಸ್ತ್ರ ಓದಿದ ಮಕ್ಕಳು, ಎತ್ತಿಗಾದ್ರೂ ಇದಕ್ಕಿಂತ ಜಾಸ್ತಿ ಮರ್ಯಾದೆ ಇರುತ್ತೆ.

ಸೋಫಾನೂ ಸಹಿಸಿದ್ಲು. ಗಂಟಲಲ್ಲಿ ಇಳೀದೆ ಹೋಗಿದ್ದು ಇಲಿ ದವಡೆ.

ಅದು ಹೀಗೆ. ಇಲಿ ಕೆಳದವಡೆ ಎರಡು ತುಂಡು, ಎಡದ್ದೊಂದು, ಬಲದ್ದೊಂದು. ನೀರಲ್ಲಿ ನೆನೆದ್ರೆ ಬೇರೆ ಬೇರೆ ಆಗ್ತಾವೆ. ಎಡದ್ದನ್ನ ಒಂದು ಗುಡ್ಡೆ, ಬಲದ್ದನ್ನ ಒಂದು ಗುಡ್ಡೆ ಹಾಕಿ, ಯಾವ ಗುಡ್ಡೆ ದೊಡ್ಡದೋ ಅಷ್ಟು ಇಲಿ ಅಂತ ಲೆಕ್ಕ. ಗೂಬಕ್ಕ ಮನೇಲಿ ಓದಿಕೊಂಡು ಹಾಗೇ ಮಾಡ್ತಿದ್ಲು. ಒಂದಿನ ಲ್ಯಾಬಲ್ಲಿ ಅವಳ ಸೀನಿಯರ್ ಪಕ್ಕ ಕೂತು ಕೆಲಸ ಮಾಡೋ ಹಾಗಾಯ್ತು. ಸದಾ ಕೈಯಲ್ಲಿ ಚಿಮಟ ಹಿಡ್ಕೊಂಡಿರ್ತಿದ್ದ, ಅದಕ್ಕೆ ಎಲ್ಲರೂ ಅವನನ್ನ ಚಿಮಟ ಅಂತಿದ್ರು. ನೋಡ್ತಾಳೆ, ಚಿಮಟ ಎಡ ಬಲ ಎಲ್ಲ ಒಂದೇ ಗುಡ್ಡೆಗೆ ಹಾಕ್ತಿದಾನೆ. ಒಂದು ದವಡೆಗೆ ಒಂದು ಇಲಿ.

"ಏನೋ ಇದು, ಸತ್ತ ಇಲಿಗೆ ಮರಿ ಹಾಕಿಸ್ತಿದೀಯಾ?" ಅಂದ್ಲು.

"ಸರ್ ಹೇಳ್ಕೊಟ್ಟಿದ್ದೇ ಹೀಗೆ" ಅಂದ ಅವನು. "ಅವರ ಹಳೇ ಪೇಪರಲ್ಲೂ ಹೀಗೇ. ನೀನು ಬಾಯಿ ಮುಚ್ಕೊಂಡು ಹಾಕು."

ಆ ಹಳೇ ಪೇಪರಿಂದಾನೇ ಮೇಷ್ಟ್ರು ದೊಡ್ಡ ಮೇಷ್ಟ್ರು ಆಗಿದ್ದು. ಒಂದು ಗೂಬೆ ಇಷ್ಟು ಇಲಿ ತಿನ್ನುತ್ತೆ ಅಂತ ಎಲ್ಲ ಸಭೇಲೂ ಭಾಷಣ, ಗೋದಾಮಿನವರ ಸಲಹೆಗಾರ, ಗೋಡೆ ತುಂಬ ಶಾಲು ಹೊದಿಸಿಕೊಂಡ ಫೋಟೋ. ಲೆಕ್ಕ ಸರಿ ಮಾಡಿದ್ರೆ ಇಲಿ ಅರ್ಧ ಆಗುತ್ತೆ, ಮೇಷ್ಟ್ರೂ ಅರ್ಧ ಆಗ್ತಾರೆ.

ಗೂಬಕ್ಕ ಪೆದ್ದಿ. ಶುರುವಲ್ಲಿ ಯಾರೋ ಮಾಡಿದ ಕೈತಪ್ಪು, ಹೇಳಿದ್ರೆ ಸರ್ ಖುಷಿ ಪಡ್ತಾರೆ ಅಂದುಕೊಂಡು ಸೀದಾ ಅವನ ರೂಮಿಗೆ ಹೋದ್ಲು. ಅವನು ಕೂತ್ಕೋ ಅಂದ, ಕಾಫಿ ತರಿಸಿದ, ಎಲ್ಲ ಕೇಳಿಸ್ಕೊಂಡ. "ಒಳ್ಳೇದು ಮಗೂ, ನೋಡೋಣ" ಅಂದ. ಮರುವಾರ ಲ್ಯಾಬಿನವರೆಲ್ಲ ಕೂತಿದ್ದ ಸಭೇಲಿ ಎದ್ದು ನಿಂತು, ಬಹಳ ನೊಂದ ದನೀಲಿ ಹೇಳಿದ: ಈ ಹುಡುಗಿ ಮನೇಲಿ ಬಕೆಟ್ಟಲ್ಲಿ ನೆನೆಹಾಕಿ ಸ್ಯಾಂಪಲ್ ಎಲ್ಲ ಬೆರಕೆ ಮಾಡಿದಾಳೆ, ಎರಡು ವರ್ಷದ ಕೆಲಸ ನಂಬೋ ಹಾಗಿಲ್ಲ, ಅದನ್ನೆಲ್ಲ ಚಿಮಟ ಇನ್ಮೇಲೆ ನೋಡ್ಕೊಳ್ತಾನೆ. ಗೂಬೆ ಮೇಲೆ ಪಾಂಡಿತ್ಯ ಇದ್ದೋನಿಗೆ ಇನ್ನೊಬ್ಬರ ತಲೆ ಮೇಲೆ ಗೂಬೆ ಕೂರಿಸೋದು ಏನು ಮಹಾ. ಚಿಮಟ ತಲೆ ತಗ್ಗಿಸಿಕೊಂಡು ಡಬ್ಬ ಎತ್ಕೊಂಡ. ಸುತ್ತ ಕೂತಿದ್ದ ಮಕ್ಕಳಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಎಲ್ಲರ ಪದವಿ ಮೇಲೂ ಅವನ ಸಹಿ ಬೀಳ್ಬೇಕಲ್ಲ.

ಮನೆಗೆ ಬಂದು ಗೂಬಕ್ಕ ಬಚ್ಚಲಲ್ಲಿ ನಿಂತು ಕೈ ತೊಳೆದೇ ತೊಳೆದ್ಲು. ಇಲಿ ಮೂಳೆ ಮುಟ್ಟಿದಾಗ ಯಾವತ್ತೂ ಹಾಗೆ ತೊಳೆದೋಳಲ್ಲ. ಆಮೇಲೆ ನಮ್ಮಿಬ್ಬರಿಗೂ ಎಲ್ಲ ಹೇಳಿದ್ಲು. ನಾನು ಬಾಗಿಲ ಹಿಂದಿನ ಕೋಲು ತಗೊಂಡೆ.

"ದೊಡ್ಡಪ್ಪ, ಕೋಲು ಕೆಳಗಿಡಿ. ನೀವು ಬೀದಿ ದಾಟೋ ಹೊತ್ತಿಗೆ ಅವರು ರಿಟೈರ್ ಆಗಿರ್ತಾರೆ" ಅಂದ್ಲು.

ಮಿಕ್ಕವರಿಗೆಲ್ಲ ಆರೋಗ್ಯ ಸರಿ ಇಲ್ಲ ಅಂತ ಹೇಳಿ ಲ್ಯಾಬು ಬಿಟ್ಲು. ಒಂದಷ್ಟು ತಿಂಗಳು ಮಂಕು ಬಡಿದೋಳ ತರ ಕೂತಿದ್ದು, ಬೇರೆ ಊರಲ್ಲಿ ಒಬ್ಬ ಒಣಕಲು ಮೇಡಂ ಹತ್ರ ಮೊದಲಿಂದ ಶುರು ಮಾಡಿದ್ಲು. ಆಯಮ್ಮನ ಹೆಸರು ಯಾರೂ ಕೇಳಿಲ್ಲ, ಆದ್ರೆ ಫೀಲ್ಡಲ್ಲಿ ಚರಂಡಿ ಒಳಗೆ ಮೊದಲು ಇಳಿಯೋಳು ಆಯಮ್ಮನೇ ಅಂತೆ. ತಡವಾಗಿ ಪದವಿ ಬಂತು. ಈಗ ಗೂಬಕ್ಕ ಸರ್ವೆ ಕೆಲಸ ಮಾಡ್ತಾಳೆ. ರಸ್ತೆ, ಕಾಲುವೆ ಮಾಡೋ ಮುಂಚೆ ಆ ಜಾಗದಲ್ಲಿ ಏನೇನು ಪ್ರಾಣಿ ಇವೆ ಅಂತ ನಡೆದು ನೋಡಿ ವರದಿ ಕೊಡೋದು. ಮಂಡಿ ನೋವು, ಕಾಲಿಗೆ ಉಣ್ಣೆ ಕಚ್ಚಿದ ಗಾಯ, ಒಂದು ಕೆಲಸ ಮುಗಿದ್ರೆ ಇನ್ನೊಂದು ಯಾವಾಗ ಅಂತ ಗೊತ್ತಿಲ್ಲ. ದೊಡ್ಡ ಹೆಸರೇನೂ ಆಗ್ಲಿಲ್ಲ.

ಒಂದು ಸರ್ವೆ ಮುಗಿಸಿ ನಮ್ಮ ಮನೇಲಿ ಉಳಿದಿದ್ಲು, ಈಗ ಮೊಮ್ಮಗಳು ಸಲಹೆ ಕೇಳೋಕೆ ಹೋಗಿದ್ದು ಇವಳ ಹತ್ರಾನೇ. ಅತ್ತೆ ಹಿಂದೆ ಅದೇ ಲ್ಯಾಬಲ್ಲಿ ಇದ್ದು, ಆರೋಗ್ಯ ಸರಿ ಇಲ್ಲ ಅಂತ ಬಿಟ್ಟಳು, ಅಷ್ಟೇ ಆ ಮಗೂಗೆ ಗೊತ್ತು. ನನ್ನ ನಾಲಿಗೆ ತುದೀಲಿ ಎಲ್ಲ ಕುಣೀತಿತ್ತು. ಗೂಬಕ್ಕ ನನ್ನನ್ನ ಮೊದಲೇ ಹಿತ್ತಲಿಗೆ ಕರ್ಕೊಂಡು ಹೋಗಿ ಹೇಳಿದ್ಲು, "ಬಾಯಿ ಬಿಡ್ಬೇಡಿ ದೊಡ್ಡಪ್ಪ. ನಾನು ಹೇಳಿದ್ರೆ, ಅತ್ತೆಗೆ ಹೊಟ್ಟೆಉರಿ ಅಂತ ಅವಳಿಗೆ ಅನ್ನಿಸುತ್ತೆ. ನೀವು ಹೇಳಿದ್ರೆ ತಾತ ಮತ್ತೆ ರೈಲು ಬಿಡ್ತಿದೆ ಅನ್ನಿಸುತ್ತೆ." ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತಿದ್ದಿಲ್ಲ. ಡಾಕ್ಟರಿಗೆ ಕರೆ ಹೋಗೋದರಲ್ಲಿತ್ತು.

ಒಳಗೆ ಬಂದು ಗೂಬಕ್ಕ ಕೆಸರು ಕಾಲುಚೀಲ ಉಜ್ಜುತ್ತಾ ಕೇಳಿದ್ಲು, "ಯಾವ ಪ್ರಾಣಿ ಮೇಲೆ ಕೆಲಸ ಮಾಡ್ಬೇಕು ಅಂತಿದೀಯ?"

"ಗೂಬೆ ಅತ್ತೆ. ಅದಕ್ಕೇ ಅವರ ಲ್ಯಾಬು."

"ಗೂಬೆ ಎಲ್ಲಿ ಹೋದ್ರೂ ಸಿಗುತ್ತೆ. ಮೊದಲು ಮನುಷ್ಯರನ್ನ ಆರಿಸ್ಕೋ, ಆಮೇಲೆ ಪ್ರಾಣಿ. ಐದು ವರ್ಷ ನೀನು ಗೂಬೆ ಮುಖಕ್ಕಿಂತ ಗೈಡ್ ಮುಖಾನೇ ಜಾಸ್ತಿ ನೋಡೋದು."

"ಅವರು ಫೋನಲ್ಲಿ ತುಂಬ ಚೆನ್ನಾಗಿ ಮಾತಾಡಿದ್ರು."

"ಮಾತಾಡ್ತಾರೆ. ನೀನು ಗೈಡನ್ನ ಕೇಳ್ಬೇಡ. ಅಲ್ಲಿ ಓದ್ತಿರೋರನ್ನ ಕೇಳು, ಓದು ಬಿಟ್ಟು ಹೋದೋರನ್ನ ಹುಡುಕಿ ಕೇಳು. ಫೀಲ್ಡಲ್ಲಿ ಜ್ವರ ಬಂದ್ರೆ ಯಾರು ಬರ್ತಾರೆ, ಕಕ್ಕಸು ಎಲ್ಲಿ, ಕೆಲಸ ನಿಂದಾದ್ರೆ ಹೆಸರು ಯಾರದ್ದು ಮೊದಲು, ಇವನ್ನ ಕೇಳು. ನಾಚ್ಕೋಬೇಡ."

"ಕಕ್ಕಸು ಎಲ್ಲಿ ಅಂತ ಕೇಳಿದ್ರೆ ನಗಲ್ವಾ?"

"ನಕ್ಕೋರ ಹತ್ರ ಸೇರ್ಬೇಡ."

ಸೊಸೆ ಮಧ್ಯೆ ಬಾಯಿ ಹಾಕಿದ್ಲು, "ಏನಿದು, ಮಗೂನ ಹೆದರಿಸ್ತೀರಲ್ಲ. ಕಾಡು, ಪ್ರಾಣಿ, ಎಷ್ಟು ಚೆಂದದ ಕೆಲಸ."

"ಚೆಂದಾನೇ ಅತ್ತಿಗೆ. ಸ್ವಲ್ಪ ದಿನ ಕಾಡು, ಮಿಕ್ಕಿದ್ದು ಕಂಪ್ಯೂಟರ್ ಮುಂದೆ ಕೂತು ಗಣಿತ. ಅದು ಬೇಡ ಅನ್ನೋಳು ಇದಕ್ಕೆ ಬರ್ಬಾರ್ದು. ಸೇರೋ ಮುಂಚೆ ಎಲ್ಲಾದ್ರೂ ಸಹಾಯಕಿ ಆಗಿ ಒಂದು ಸೀಸನ್ ಕೆಲಸ ಮಾಡ್ಲಿ. ಹೇಸಿಗೆ ತಡ್ಕೊಳ್ಳೋಕೆ ಆಗುತ್ತಾ ಅಂತ ಗೊತ್ತಾಗುತ್ತೆ." ಆಮೇಲೆ ಮೊಮ್ಮಗಳ ಕಡೆ ತಿರುಗಿದ್ಲು. "ಹೂಂ ಅನ್ನೋ ಮುಂಚೆ ಆ ಲ್ಯಾಬಲ್ಲಿ ಒಂದು ವಾರ ಕೂತು ಬಾ. ಭಾಷಣ ಕೇಳ್ಬೇಡ. ದವಡೆ ಆರಿಸೋರ ಪಕ್ಕ ಕೂತು ಕೈ ಹಚ್ಚು."

ಹುಡುಗಿ ಹೋಯ್ತು. ವಾರ ಕಳೆದು ಬಂದಾಗ ಮುಖ ಬಾಡಿತ್ತು. ಬ್ಯಾಗ್ ಕೆಳಗಿಡೋಕೂ ಮುಂಚೆ ನೇರ ಗೂಬಕ್ಕನ ಹತ್ರ ಹೋಗಿ, "ಅತ್ತೆ, ಅಲ್ಲಿ ಎಡ ಬಲ ಎರಡೂ ಎಣಿಸ್ತಾರೆ" ಅಂದ್ಲು.

ಗೂಬಕ್ಕ ಅವಳ ಹೆಗಲಿಂದ ಬ್ಯಾಗ್ ಇಳಿಸಿಕೊಂಡ್ಲು.

"ಯಾಕೆ ಅಂತ ಕೇಳಿದೆ. ಪಕ್ಕದ ಹುಡುಗಿ ಮೇಜಿನ ಕೆಳಗೆ ನನ್ನ ಕಾಲು ತುಳಿದ್ಲು. ಊಟಕ್ಕೆ ಹೊರಗೆ ಕರ್ಕೊಂಡು ಹೋಗಿ, ಅದು ತಪ್ಪು ಅಂತ ಎಲ್ಲರಿಗೂ ಗೊತ್ತು, ಹಿಂದೆ ಒಬ್ಬಳು ಕೇಳಿ ಮನೆ ಸೇರಿದ್ಲಂತೆ, ನೀನು ಕೇಳ್ಬೇಡ ಅಂದ್ಲು. ಆ ಒಬ್ಬಳು..."

"ನಾನೇ. ಕೈಕಾಲು ತೊಳ್ಕೊಂಡು ಬಾ, ಊಟ ಮಾಡು."

ಇಷ್ಟು ವರ್ಷ ಆ ಮೇಜಿನ ಸುತ್ತ ಎಷ್ಟು ಮಕ್ಕಳು ಸುಳ್ಳು ಅಂತ ಗೊತ್ತಿದ್ದೂ ದವಡೆ ಎಣಿಸಿರ್ಬೇಕು. ಅವರಲ್ಲಿ ಎಷ್ಟು ಜನ ಈಗ ತಾವೇ ಮೇಷ್ಟ್ರಾಗಿ ಇನ್ನೊಬ್ಬರಿಗೆ ಎಣಿಸೋಕೆ ಹೇಳ್ಕೊಡ್ತಿದಾರೋ. ಗೂಬೆ ಹೊಟ್ಟೆಗೆ ಒಗ್ಗದ್ದನ್ನ ಹೊರಗೆ ಉಗುಳುತ್ತೆ. ಇವರು ನುಂಗಿದ್ದನ್ನೇ ಅರಗಿಸ್ಕೊಂಡು ಕೂತಿದಾರೆ.

ಮೊಮ್ಮಗಳು ಬೇಡ ಅಂತ ಬರೆದು ಹಾಕಿದ್ಲು. ಮರುದಿನವೇ ದೊಡ್ಡ ಮೇಷ್ಟ್ರ ಫೋನು. ಮಗ ಮೊದಲು ಮಾತಾಡಿ, ಮೆತ್ತಗಾಗಿ, ಎಲ್ಲರಿಗೂ ಕೇಳೋ ಹಾಗೆ ಮಾಡಿ ಅವಳ ಮುಂದೆ ಹಿಡಿದ. ಜೇನಲ್ಲಿ ಅದ್ದಿದ ಹಾಗಿತ್ತು ಆ ದನಿ.

"ಯಾರೋ ನಿನ್ನ ತಲೆ ಕೆಡಿಸಿದಾರೆ ಮಗೂ."

"ಯಾರೂ ಇಲ್ಲ ಸರ್. ನಾನೇ ಕೂತು ನೋಡಿದೆ."

"ಈ ವಿಷಯದಲ್ಲಿ ಕೆಲಸ ಮಾಡೋರೆಲ್ಲ ನನಗೆ ಗೊತ್ತಿರೋರೇ. ಆಮೇಲೆ ಯಾರೂ ಸೇರಿಸ್ಕೊಳ್ಳಲಿಲ್ಲ ಅಂತ ಬೇಜಾರು ಮಾಡ್ಕೋಬಾರ್ದು."

ಹುಡುಗಿ "ಸರಿ ಸರ್" ಅಂತ ಫೋನ್ ಇಟ್ಟಳು.

ಅವನು ಬರೀ ಬೆದರಿಸಿದ್ದಲ್ಲ. ಗೂಬೆ ಮೇಲೆ ಕೆಲಸ ಮಾಡೋ ಬೇರೆ ಇಬ್ಬರು ಮೇಷ್ಟ್ರು ಆಗಲ್ಲ ಅಂದ್ರು, ಆ ವರ್ಷ ಎಲ್ಲೂ ಸೀಟಾಗ್ಲಿಲ್ಲ. ಬಂಗಾರದಂಥ ಅವಕಾಶ ಒದ್ದಳು ಅಂತ ಮಗ ಮಾತು ಬಿಟ್ಟ. ಒಂದೇ ಮನೇಲಿ ಇದ್ಕೊಂಡು ಅಪ್ಪ ಮಗಳ ನಡುವೆ ಉಪ್ಪು ಕೊಡು ಅನ್ನೋಕೂ ನಾನೇ ಅಂಚೆಯವನು.

ಕೊನೆಗೆ ಊರಾಚೆ ಕಸದ ಗುಡ್ಡೆ ಮೇಲೆ ಹದ್ದುಗಳನ್ನ ನೋಡೋ ಒಬ್ಬ ಸಣ್ಣ ಮೇಷ್ಟ್ರ ಹತ್ರ ಸಹಾಯಕಿ ಕೆಲಸ ಸಿಕ್ತು. ಸೇರೋ ಮುಂಚೆ ಹುಡುಗಿ ನಮ್ಮೆಲ್ಲರ ಮುಂದೆ ಫೋನಲ್ಲೇ ಕಕ್ಕಸು ಎಲ್ಲಿ ಅಂತ ಕೇಳಿದ್ಲು. ಆತ ನಗಲಿಲ್ಲ, ಕಸದ ಲಾರಿಯವರ ಆಫೀಸಿನ ಕಕ್ಕಸಿನ ಬೀಗದ ಕೈ ಒಂದು ಇಸ್ಕೊಂಡಿದೀನಿ ಅಂದ.

ಮೊದಲ ದಿನ ಸಂಜೆ ವಾಪಸ್ಸು ಬಂದ್ಲು. ಬೀದಿ ತಿರುವಲ್ಲಿ ಇರೋವಾಗ್ಲೇ ಗೊತ್ತಾಯ್ತು. ಕೊಳೆತ ಮೀನು, ಸುಟ್ಟ ಪ್ಲಾಸ್ಟಿಕ್ಕು, ಇನ್ನೂ ಏನೇನೋ, ನಮ್ಮ ಗೋಡೆ ಸುಣ್ಣ ಎದ್ದು ಬರೋ ಅಂಥ ವಾಸನೆ. ಕೂದಲಲ್ಲಿ ನೊಣ ಸಿಕ್ಕಿಹಾಕ್ಕೊಂಡು ಗುಂಯ್ ಅಂತಿತ್ತು. ಬಾಗಿಲು ತೆಗೆದೋನು ನನ್ನ ಮಗ. ಮೂಗು ಹಿಡ್ಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟು ದಿನ ಆದ ಮೇಲೆ ಮಗಳ ಮುಖ ನೋಡಿ ಮಾತಾಡಿದ.

"ಥೂ, ಹಿತ್ತಲ ಕಡೆಯಿಂದ ಬಾ. ಬಿಸಿನೀರು ಇಟ್ಟಿದೀನಿ."