ಕ್ಯಾನಿನ ಮೇಲೆ ನಾನೆಳೆದ ಗೆರೆ

ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಬಹಳ ವರ್ಷದ ಸಕ್ಕರೆ ಕಾಯಿಲೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಸಂಜೆಯಾದರೆ ಅವರ ಕಾಲು ಬಾತುಕೊಳ್ಳತೊಡಗಿತು. ಅಣ್ಣ ಅವರನ್ನು ಖಾನಾಪುರದಿಂದ ಬೆಳಗಾವಿಗೆ, ಕ್ಯಾಂಪ್ ಬಡಾವಣೆಯಲ್ಲಿದ್ದ ನನ್ನ ಮನೆಗೆ ಕರೆತಂದ. ಕಿಡ್ನಿ ಕೆಡುತ್ತಿದ್ದರೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ಎಷ್ಟು ಅಂತ ನೋಡೋಣ ಎಂದರು ಡಾಕ್ಟರು. ಪೂರಾ ಒಂದು ದಿನದ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು ತರಬೇಕಿತ್ತು.

"ನೀ ಇಂಗ್ಲಿಷ್ ಸಾಲಿ ಕಲತಾಕಿ, ನೀನ ತಿಳಿಸಿ ಹೇಳು" ಎಂದ ಅಣ್ಣ.

ಹೇಳಿದೆ, ಕಾನ್ವೆಂಟಿನ ಸಿಸ್ಟರುಗಳು ನಮಗೆ ಹೇಳುತ್ತಿದ್ದ ಧಾಟಿಯಲ್ಲೇ. ಲ್ಯಾಬಿನ ಚೀಟಿಯಲ್ಲಿ ಇಲ್ಲದ್ದನ್ನೂ ಸೇರಿಸಿದೆ. ಸುಮ್ಮನೆ, ಐಡಿಯಾ ಬರಲಿ ಅಂತ, ಕ್ಯಾನಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದೆ. "ವೈನಿ, ಇಲ್ಲೀತನಕ ಬರಬೇಕ್ರಿ. ಕಡಿಮಿ ಆದ್ರ ಬಯ್ತಾರ ನೋಡ್ರಿ ಮತ್ತ."

"ಅಯ್ಯ, ಈ ವಯಸ್ಸಿನಾಗ ಇದಕ್ಕೂ ಪರೀಕ್ಷಾ ಏನು? ಪಾಸಾದ್ರ ಪೇಢೆ ಹಂಚತಿಯೇನ?" ವೈನಿ ನಕ್ಕರು.

ಪಾಸಾದರು. ಕ್ಯಾನು ಗೆರೆಯವರೆಗೆ ತುಂಬಿ ಬಂತು, ರಿಪೋರ್ಟಿನಲ್ಲಿ ಪ್ರೋಟೀನ್ ಮಿತಿಗಿಂತ ತುಸುವೇ ಹೆಚ್ಚು. "ಆಲ್‌ಮೋಸ್ಟ್ ನಾರ್ಮಲ್" ಎಂದು ನಾನೇ ಫೋನಿನಲ್ಲಿ ಓದಿ ಹೇಳಿದೆ. ಅದೇ ಧೈರ್ಯದಲ್ಲಿ ವೈನಿ ಮತ್ತೆ ತೋರಿಸಿಕೊಳ್ಳಲು ಬರಲಿಲ್ಲ. ಕೆಟ್ಟ ಕಿಡ್ನಿಗೆ ವಿಷವಾಗುವ ಮಂಡಿನೋವಿನ ಗುಳಿಗೆಯನ್ನು ದಿನಾ ನುಂಗಿದರು.

ಮುಂದಿನ ವರ್ಷ ಏದುಸಿರು ಹತ್ತಿ ನೆಹರು ನಗರದ ಆಸ್ಪತ್ರೆಗೆ ಸೇರಿಸಿದೆವು. ಎರಡೂ ಕಿಡ್ನಿ ಹೋಗಿದ್ದವು. ಅಲ್ಲಿಯ ಡಾಕ್ಟರು ಹಳೆಯ ರಿಪೋರ್ಟನ್ನು ತಿರುವಿ ಮುರುವಿ ನೋಡಿದರು. "ಅಕ್ಕಾರ, ಅವತ್ತ ಪೂರಾ ಹಿಡಿದಿದ್ರೇನ್ರಿ?"

"ಅವತ್ತ ಶ್ರಾವಣ ಶುಕ್ರವಾರ ಇತ್ರಿ. ಐದ ಮನಿ ಅರಿಷಿಣ ಕುಂಕುಮ. ಒಂದೊಂದ ಮನ್ಯಾಗೂ ಚಹಾ. ಕುಂಕುಮಕ್ಕ ಕರದ್ರ ಕ್ಯಾನ್ ಹಿಡಕೊಂಡು ಹೋಗಲೇನ್ರಿ? ಒಂದಕ್ಕ ಅಲ್ಲಲ್ಲೇ ಹೋಗಿಬಂದೆ. ಮನಿಗೆ ಬಂದು ನೋಡಿದ್ರ ಗೆರಿಗೆ ಅರ್ಧಾನೂ ಇರಲಿಲ್ಲ. ನೀರ ಹಾಕಿ ಸರಿ ಮಾಡಿದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಕ್ಯಾನು ಅರ್ಧವೇ ಬಂದಿದ್ದರೆ ಲ್ಯಾಬಿನವರು ಅನುಮಾನಪಟ್ಟು ಇನ್ನೊಮ್ಮೆ ತರಿಸುತ್ತಿದ್ದರಂತೆ. ದಿನಾ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬೀಳುವ ಕ್ರಿಯಾಟಿನಿನ್ ಅದೇ ಮೂತ್ರದಲ್ಲಿ ಎಷ್ಟಿದೆ ಎಂದು ಅಳೆದಿದ್ದರೂ ದಿನದ್ದು ಪೂರಾ ಬಂದಿಲ್ಲವೆಂದು ಸಿಕ್ಕಿಬೀಳುತ್ತಿತ್ತಂತೆ. ತುಂಬಿದ ಕ್ಯಾನನ್ನು ಯಾರು ಅನುಮಾನಿಸುತ್ತಾರೆ?

"ಗೆರಿ ಅಂದ್ರಲ್ಲ, ಯಾವ ಗೆರಿ? ಯಾರು ಹಾಕಿದ್ರು?"

ವೈನಿ ನನ್ನ ಕಡೆ ಒಂದು ಸಲ ನೋಡಿದರು. "ಯಾರೂ ಇಲ್ರಿ. ನಾನ ಹಾಕ್ಕೊಂಡಿದ್ದೆ. ಸಾಲಿ ಕಲೀದಾಕಿ ನಾ, ತಿಳೀಲಿಲ್ಲ."

ಬಾಯಿ ತೆರೆದರೆ ಇಂಗ್ಲಿಷ್ ಉದುರಿಸುತ್ತಿದ್ದ ನಾನು ಟೇಬಲ್ಲಿನ ಮೇಲಿದ್ದ ರಿಪೋರ್ಟನ್ನು ಎತ್ತಿ ಫೈಲಿಗೆ ಸೇರಿಸಿದೆ. ಡಾಕ್ಟರು ವೈನಿಗೆ ಬೈದರು. ಸಣ್ಣ ಹುಡುಗಿಗೆ ಬೈದ ಹಾಗೆ, ನನ್ನೆದುರಿಗೇ. ಅವರು ತಲೆ ತಗ್ಗಿಸಿ "ಹೌದ್ರಿ, ಹೌದ್ರಿ" ಅನ್ನುತ್ತ ಕೂತಿದ್ದರು. ವಾರಕ್ಕೆರಡು ಸಲ ಡಯಾಲಿಸಿಸ್ ನಡೆಯಿತು. ಪ್ರತಿ ಸಲವೂ ಮಂಚದ ಬಾಜೂಕ್ಕೆ ಕೂತವಳು ನಾನೇ. ಆ ಗೆರೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡನೇ ಮಳೆಗಾಲ ಕಾಣುವ ಮೊದಲೇ ಅವರು ತೀರಿಕೊಂಡರು.

ವರ್ಷಾಂತಿಕದ ಊಟಕ್ಕೆ ಕೂತಾಗ ಅಣ್ಣ ನಾಲ್ಕು ಮಂದಿಯ ನಡುವೆ ಹೇಳಿದ, "ಒಂದ ಡಬ್ಬಿ ನೆಟ್ಟಗ ತುಂಬಸಾಕ ಬರಲಿಲ್ಲ ಆಕಿಗೆ. ಹೆಡ್ಡಿ. ತನ್ನ ಕೈಯಾರೆ ಜೀವಾ ಕಳಕೊಂಡ್ಲು." ಎಲ್ಲರೂ ನನ್ನ ಮುಖ ನೋಡಿದರು.

"ಹೌದಣ್ಣಾ" ಅಂದೆ.